ಯೋಗ್ಯರ ಅನ್ವೇಷಣೆ



ಯಾವ ಉದ್ಯಮಕ್ಕಾದರೂ ಯೋಗ್ಯರಾದ ಕೆಲಸಗಾರರೇ ನಿಜವಾದ ಬಂಡವಾಳವು. ಅದರಲ್ಲಿಯೂ ಗಣಕಯಂತ್ರಗಳಿಗೆ ತಂತ್ರಾಂಶವನ್ನು ರಚಿಸುವ ಉದ್ಯಮದಲ್ಲಿ, ಕಟ್ಟಡ ಯಂತ್ರಗಳಿಗಿಂತ ಮನುಷ್ಯನ ಬುದ್ಧಿಯೇ ಮಿಗಿಲಾದುದು. ಆದರೆ ಒಳ್ಳೆಯ ಪ್ರೋಗ್ರಾಮರುಗಳು ದೊರೆಯುವುದಿಲ್ಲವೆಂಬ ಕೂಗು ಎಲ್ಲೆಡೆಯಲ್ಲಿಯೂ ಕೇಳಿಬರುತ್ತದೆ. ಯೋಗ್ಯರೇ ವಿರಳರೋ, ಅಥವಾ ಹುಡುಕುವವರ ದೃಷ್ಟಿಯೇ ಸಂಕುಚಿತವೋ ಎಂಬುದು ವಿಚಾರಾರ್ಹವಾದ ಪ್ರಶ್ನೆಯು. ಇಂಗ್ಲೆಂಡಿನ ಸ್ಟೆಫನಿ ಶರ್ಲಿಯವರ ಚರಿತ್ರೆಯು ಇದಕ್ಕೆ ತಕ್ಕ ಉತ್ತರವನ್ನು ಕೊಡುತ್ತದೆ.

1933ರಲ್ಲಿ ಜರ್ಮನಿಯಲ್ಲಿ ಜನಿಸಿದ ಈ ಮಹಿಳೆಯು, ನಾಜಿಗಳ ಹಾವಳಿಯಿಂದ ಪಾರಾದ ಯೆಹೂದ್ಯ ಮಕ್ಕಳೊಡನೆ 1939ರಲ್ಲಿ, ತಮ್ಮ ಐದನೆಯ ವಯಸ್ಸಿನಲ್ಲಿ, ಇಂಗ್ಲೆಂಡನ್ನು ಸೇರಿದರು. ಮುಂದೆ ಅಂಚೆ ಇಲಾಖೆಯ ಸಂಶೋಧನಾಲಯದಲ್ಲಿ ದುಡಿಯುತ್ತ, ಸಂಜೆಯ ತರಗತಿಗಳಲ್ಲಿ ಗಣಿತದ ಪದವಿಯನ್ನು ಪಡೆದರು. 1962ರಲ್ಲಿ ಕೇವಲ 6 ಪೌಂಡುಗಳ ಬಂಡವಾಳದಿಂದ ಸ್ವಗೃಹದಲ್ಲಿಯೇ ‘ಫ್ರೀಲಾನ್ಸ್ ಪ್ರೋಗ್ರಾಮರ್ಸ್’ ಎಂಬ ಸಂಸ್ಥೆಯನ್ನು ಆರಂಭಿಸಿದರು.

ಆ ಕಾಲದಲ್ಲಿ ಈ ವಿದ್ಯೆಯನ್ನು ಬಲ್ಲ ಅನೇಕ ಸ್ತ್ರೀಯರು ವಿವಾಹವಾದೊಡನೆಯೋ, ಚೊಚ್ಚಲು ಬಸುರಿನಲ್ಲಿಯೋ ಉದ್ಯೋಗವನ್ನು ತೊರೆಯಬೇಕಾಗುತ್ತಿದ್ದಿತು. ಉಳಿದವರು ಕಡೆಗಣಿಸಿದ ಈ ಎಡೆಯಲ್ಲಿಯೇ ಶರ್ಲಿಯವರು ನಿಧಿಯನ್ನು ಕಂಡರು. ಮನೆಯಲ್ಲಿದ್ದುಕೊಂಡೇ ಕೆಲಸ ಮಾಡುವ ಅನುಕೂಲವನ್ನು ಅವರಿಗೆ ಕಲ್ಪಿಸಿದರು. ಟೆಲಿಫೋನಿನ ಸೌಕರ್ಯವುಂಟೇ ಎಂಬುದೂ ಅಭ್ಯರ್ಥಿಗಳಿಗೆ ಕೇಳುವ ಪ್ರಶ್ನೆಗಳಲ್ಲಿ ಒಂದಾಗಿದ್ದಿತು. ಮೊದಲ 300 ಕೆಲಸಗಾರರಲ್ಲಿ 297 ಮಂದಿ ಸ್ತ್ರೀಯರೇ! ಶಬ್ದವೇಗವನ್ನು ಮೀರಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ ‘ಕಪ್ಪು ಪೆಟ್ಟಿಗೆ’ಯ ತಂತ್ರಾಂಶವು ಸಿದ್ಧವಾದುದು ಇಂತಹ ಗೃಹಿಣಿಯರ ಕೈಯಿಂದಲೇ.

ಶರ್ಲಿಯವರು ತಮ್ಮ ನಿಜನಾಮದಿಂದ ಬರೆದ ವ್ಯಾಪಾರ ಪತ್ರಗಳಿಗೆ ಉತ್ತರಗಳೇ ಬಾರದಿರಲು, ‘ಸ್ಟೀವ್’ ಎಂಬ ಗಂಡು ಹೆಸರಿನಿಂದ ರುಜು ಹಾಕತೊಡಗಿದರು. ಆಗ ಬಾಗಿಲುಗಳು ತೆರೆದವು. ಬರೆದ ಕೈಯೂ ಅದೇ, ವಿದ್ಯೆಯೂ ಅದೇ, ಬದಲಾದುದು ಹೆಸರೊಂದೇ. ಯೋಗ್ಯತೆಯನ್ನು ಅಳೆಯುವವರು ಎಷ್ಟು ಸಲ ಯೋಗ್ಯತೆಯನ್ನು ಬಿಟ್ಟು ಬೇರೊಂದನ್ನು ಅಳೆಯುತ್ತಾರೆಂಬುದಕ್ಕೆ ಇದಕ್ಕಿಂತಲೂ ನಿದರ್ಶನವು ಬೇಕೆ?

ಹಾಗಾದರೆ ಅಳೆಯುವ ಬಗೆ ಯಾವುದು? 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ಷ್ಮಿಟ್ ಮತ್ತು ಹಂಟರ್ ಎಂಬ ಮನಶ್ಶಾಸ್ತ್ರಜ್ಞರು 1998ರಲ್ಲಿ ಪ್ರಕಟಿಸಿದ ಲೇಖನವು ಇದನ್ನು ಸ್ಪಷ್ಟಪಡಿಸುತ್ತದೆ. ಅಭ್ಯರ್ಥಿಯು ಮುಂದೆ ಮಾಡಬೇಕಾದ ಕೆಲಸದ ಒಂದು ತುಣುಕನ್ನೇ ಆತನಿಂದ ಮಾಡಿಸಿ ನೋಡುವುದು, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿ ಒಂದೇ ಅಳತೆಯಿಂದ ತೂಗುವುದು, ಇವೆರಡೂ ಓದಿದ ವರ್ಷಗಳನ್ನು ಎಣಿಸುವುದಕ್ಕಿಂತ ಬಹಳ ಮೇಲಾದುವು. ಅಕ್ಕಸಾಲಿಗನು ಚಿನ್ನವನ್ನು ಒರೆಗೆ ಹಚ್ಚಿ ನೋಡುವನಲ್ಲದೆ, ಅದನ್ನು ತಂದ ಚೀಲವನ್ನು ನೋಡಿ ಬೆಲೆ ಕಟ್ಟುವುದಿಲ್ಲವಷ್ಟೆ.

ಆರಿಸಿದ ಬಳಿಕ ನಂಬಿಕೆಯೂ ಅವಶ್ಯವು. ಶರ್ಲಿಯವರು ಕಣ್ಣಿಗೆ ಕಾಣದ ಕೆಲಸಗಾರರನ್ನು ನಂಬಿದರು. ಮುಂದೆ ಸಂಸ್ಥೆಯ ಕಾಲುಭಾಗದ ಒಡೆತನವನ್ನು ಅವರ ಕೈಗೇ ಒಪ್ಪಿಸಿದರು. 1975ರಲ್ಲಿ ಸ್ತ್ರೀಪುರುಷರ ಸಮಾನತೆಯ ಕಾನೂನು ಜಾರಿಗೆ ಬರಲಾಗಿ, ಅವರು ಪುರುಷರಿಗೂ ಸಮನಾದ ಅವಕಾಶವನ್ನು ಕೊಡಬೇಕಾಯಿತು!

2025ರಲ್ಲಿ ಆ ಮಹಿಳೆಯು ಕಾಲವಾದರು. ಯೋಗ್ಯರು ಸಿಗಲಿಲ್ಲವೆಂದು ಹಲುಬುವ ಯಜಮಾನರು, ತಮ್ಮ ಬಾಗಿಲು ಎಷ್ಟು ಅಗಲವಿದೆಯೆಂಬುದನ್ನು ಮೊದಲು ಅಳೆದು ನೋಡತಕ್ಕದ್ದು.