ದೋಣಿಗೆ ಪರವಾನಗಿ: ಯಾರ ರಕ್ಷಣೆಗಾಗಿ?

(ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನದಿ, ಅಳಿವೆ, ಹಿನ್ನೀರುಗಳ ದಡದಲ್ಲಿ ಬದುಕುವವರಿಗೆ ದೋಣಿಯೇ ರಸ್ತೆ. ಶಾಲೆ, ಆಸ್ಪತ್ರೆ, ಸಂತೆಗಳೆಲ್ಲ ಅನೇಕ ವೇಳೆ ಆಚೆ ದಡದಲ್ಲಿರುತ್ತವೆ. ಇಂತಹ ಕಡೆ ಹೊಸದಾಗಿ ಪ್ರಯಾಣಿಕರ ದೋಣಿ ಓಡಿಸಲು ಮುಂದಾಗುವವನು ಸರಕಾರದ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾಗುತ್ತದೆ. ಅವನಿಂದ ಏನನ್ನು ಕೇಳಬೇಕು? ಏನನ್ನು ಕೇಳಬಾರದು? ಪರವಾನಗಿ ಎಂಬುದು ಇರುವುದಾದರೂ ಯಾರ ರಕ್ಷಣೆಗೆ?

2023ರ ಮೇ 7ರ ಭಾನುವಾರ ಸಂಜೆ ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರ ದೋಣಿಯೊಂದು ಮಗುಚಿ 22 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಒಂದೇ ಕುಟುಂಬದ 11 ಮಂದಿ ಅದರಲ್ಲಿದ್ದರು. ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಪ್ರಯಾಣಿಕರನ್ನು ತುಂಬಿಸಲಾಗಿತ್ತು. ಮಿತಿಗಿಂತ ಹೆಚ್ಚು ಜನರಿದ್ದರು. ದೋಣಿಯ ಮಾಲಿಕನ ಬಂಧನವಾಯಿತು. ಮುಂದೆ ಅಧಿಕಾರಿಗಳೂ ಬಂಧನಕ್ಕೊಳಗಾದರು. ಮುಚ್ಚಬೇಕಾದ ಬಾಗಿಲನ್ನು ತೆರೆದಿಟ್ಟ ವ್ಯವಸ್ಥೆಯೂ ಆ ಸಾವುಗಳಿಗೆ ಉತ್ತರ ಹೇಳಬೇಕಲ್ಲವೇ?

ಖಾಸಗಿಯವರು ಮಾತ್ರ ತಪ್ಪಿತಸ್ಥರೆಂದು ಭಾವಿಸಬೇಕಾಗಿಲ್ಲ. 2002ರ ಜುಲೈ 27ರಂದು ಕುಮರಕಂ ಬಳಿ 29 ಜನರನ್ನು ಬಲಿ ತೆಗೆದುಕೊಂಡದ್ದು ಸರಕಾರದ್ದೇ ದೋಣಿ. ನಮ್ಮ ಕಾರವಾರದ ಕೂರ್ಮಗಡದಲ್ಲಿ 2019ರ ಜನವರಿ 21ರಂದು ಜಾತ್ರೆಗೆ ಹೋದ 16 ಮಂದಿ ನೀರುಪಾಲಾದರು. ನೀರಿಗೆ ಮಾಲಿಕನ ಹೆಸರು ಗೊತ್ತಿಲ್ಲ, ಧರ್ಮವೂ ಗೊತ್ತಿಲ್ಲ.

1917ರ ಬ್ರಿಟಿಷ್ ಕಾಲದ ಕಾನೂನಿನ ಸ್ಥಾನದಲ್ಲಿ ಇಂದು 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ತಪಾಸಣೆ, ನೋಂದಣಿ, ವಿಮೆ, ಅರ್ಹತಾ ಪತ್ರವುಳ್ಳ ಸಿಬ್ಬಂದಿ, ಜೀವರಕ್ಷಕ ಸಲಕರಣೆ ಇವು ಅದರ ತಿರುಳು. ಒಂದು ರಾಜ್ಯದ ನೋಂದಣಿ ದೇಶವಿಡೀ ಮಾನ್ಯ. ಇವುಗಳಲ್ಲಿ ಯಾವುದನ್ನೂ ಹೊಸ ಉದ್ಯಮಿ ಕಿರುಕುಳವೆಂದು ತಿಳಿಯಬಾರದು. ಇವು ಪ್ರಯಾಣಿಕನ ಹಕ್ಕುಗಳು.

ಆದರೆ ಪರವಾನಗಿಗೆ ಇನ್ನೊಂದು ಮುಖವೂ ಇದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಷೆಲಾನ್ ಎಂಬ ಉದ್ದನೆಯ ಸರೋವರವಿದೆ. ಅದರ ತುದಿಯ ಸ್ಟೆಹೀಕಿನ್ ಎಂಬ ಊರಿಗೆ ಹೊರಗಿನಿಂದ ರಸ್ತೆಯಿಲ್ಲ. 1920ರ ದಶಕದಿಂದ ಅಲ್ಲಿ ಒಂದೇ ಕಂಪೆನಿಗೆ ದೋಣಿ ಸೇವೆಯ ಪ್ರಮಾಣಪತ್ರವಿತ್ತು. 1997ರಲ್ಲಿ ಊರಿನವರೊಬ್ಬರು ಹೊಸ ಸೇವೆಗೆ ಅರ್ಜಿ ಹಾಕಿದರು. ದೋಣಿ ಸುರಕ್ಷಿತವೇ ಎಂಬುದಷ್ಟೇ ಅಲ್ಲಿ ಪ್ರಶ್ನೆಯಾಗಿರಲಿಲ್ಲ. ಜನರಿಗೆ ಈ ಸೇವೆ ಅಗತ್ಯವೆಂದೂ, ಈಗಿರುವ ಕಂಪೆನಿಯ ಸೇವೆ ಸಾಲದೆಂದೂ ಅರ್ಜಿದಾರನೇ ಸಾಬೀತು ಮಾಡಬೇಕಿತ್ತು. ಒಂದು ವರ್ಷ ನಡೆಸುವಷ್ಟು ಹಣವಿದೆಯೆಂದೂ ತೋರಿಸಬೇಕಿತ್ತು. ಹಳೆಯ ಕಂಪೆನಿ ಆಕ್ಷೇಪಿಸಿತು, ಅರ್ಜಿ ಬಿದ್ದುಹೋಯಿತು. ಮುಂದೆ ನ್ಯಾಯಾಲಯಕ್ಕೆ ಹೋದರೂ 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಕಾನೂನನ್ನೇ ಎತ್ತಿಹಿಡಿಯಿತು.

ಅದೇ ದೇಶದಲ್ಲಿ 1824ರಲ್ಲಿ ನಡೆದುದು ಬೇರೆ. ನ್ಯೂಯಾರ್ಕ್ ರಾಜ್ಯವು ತನ್ನ ನೀರಿನಲ್ಲಿ ಉಗಿದೋಣಿ ಓಡಿಸುವ ಏಕಸ್ವಾಮ್ಯವನ್ನು ಕೆಲವರಿಗೆ ಬರೆದುಕೊಟ್ಟಿತ್ತು. ಕೇಂದ್ರದ ಪರವಾನಗಿಯಿಂದ ನ್ಯೂಜೆರ್ಸಿಯಿಂದ ದೋಣಿ ನಡೆಸುತ್ತಿದ್ದ ಗಿಬ್ಬನ್ಸ್‌ರ ಪರವಾಗಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಏಕಸ್ವಾಮ್ಯ ಮುರಿಯಿತು.

ಈ ಎರಡು ಬಗೆಯ ನಿಯಮಗಳನ್ನು ನಾವು ಬೇರೆಬೇರೆಯಾಗಿ ನೋಡಬೇಕು. ಪ್ರಯಾಣಿಕನ ಜೀವ ಕಾಯುವ ನಿಯಮದಲ್ಲಿ ಎಳ್ಳಷ್ಟೂ ಸಡಿಲಿಕೆ ಕೂಡದು. ಹಳಬನ ಗಲ್ಲಾಪೆಟ್ಟಿಗೆ ಕಾಯುವ ನಿಯಮಕ್ಕೆ ಸಮರ್ಥನೆಯನ್ನು ಹಳಬನೇ ಒದಗಿಸಲಿ. ಒಂದೇ ದೋಣಿ ಲಾಭದಿಂದ ನಡೆಯಬಲ್ಲ ಸಣ್ಣ ಕಡವಿನಲ್ಲಿ ಪೈಪೋಟಿಯಿಂದ ಇಬ್ಬರೂ ಮುಳುಗಿ ಜನರಿಗೆ ದೋಣಿಯೇ ಇಲ್ಲವಾಗಬಹುದೆಂಬ ವಾದ ಪೊಳ್ಳಲ್ಲ. ಆದರೆ ಆಗ ದರ, ವೇಳೆ, ಸೇವೆಯ ಗುಣಮಟ್ಟಗಳ ಮೇಲೂ ನಿಗಾ ಇರಬೇಕು. ಏಕಸ್ವಾಮ್ಯ ಕೊಟ್ಟು ಕಣ್ಣುಮುಚ್ಚಿ ಕುಳಿತುಕೊಳ್ಳುವುದು ಆಡಳಿತವಲ್ಲ.

ಅರ್ಜಿಗೆ ಗೊತ್ತಾದ ಅವಧಿಯೊಳಗೆ ಉತ್ತರ ಸಿಗಲಿ. ತಿರಸ್ಕರಿಸಿದರೆ ಕಾರಣವನ್ನು ಬರೆದುಕೊಡಲಿ. ತಪಾಸಣಾಧಿಕಾರಿ ದೋಣಿಯನ್ನು ಕಣ್ಣಾರೆ ಕಂಡು ಸಹಿ ಹಾಕಲಿ. ಕಾಗದ ಕಚೇರಿಯಲ್ಲಿ ತಡೆದಷ್ಟೂ ಅಡ್ಡದಾರಿ ಹುಟ್ಟಿಕೊಳ್ಳುತ್ತದೆ. ಆ ಅಡ್ಡದಾರಿಯ ಕೊನೆಯಲ್ಲಿ ತಾನೂರಿನಂತಹ ಸಂಜೆಗಳಿರುತ್ತವೆ.

ಕೊನೆಯದಾಗಿ, ನಮ್ಮ ಹೊಣೆ. ರಜೆಯಲ್ಲಿ ಮಕ್ಕಳೊಂದಿಗೆ ದೋಣಿ ಹತ್ತುವ ಮುನ್ನ ನೋಂದಣಿ ಸಂಖ್ಯೆ ಎಲ್ಲಿ, ಎಷ್ಟು ಮಂದಿಗೆ ಅನುಮತಿ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ ಎಂದು ಕೇಳೋಣ. ಉತ್ತರ ಸಿಗದಿದ್ದರೆ ದಡದಲ್ಲೇ ನಿಲ್ಲೋಣ. "ಇನ್ನು ನಾಲ್ಕು ಜನ ಹಿಡಿಸುತ್ತಾರೆ" ಎಂದು ದೋಣಿಯವನು ಕರೆದಾಗ, ಆ ನಾಲ್ವರು ನಾವಾಗದಿರೋಣ.