ಕಂಕುಳಲ್ಲಿ ಕೂಸು, ಮುಂದೆ ಉದ್ದ ಸಾಲು

ರಜೆ ಹತ್ತಿರ ಬಂತೆಂದರೆ ಊರಿನಿಂದ ಫೋನು ಶುರುವಾಗುತ್ತದೆ. "ಮತ್ಸ್ಯಗಂಧ ರೈಲಿಗೆ ಟಿಕೆಟ್ ಸಿಕ್ಕಿದೆ, ಎಲ್ಲಿ ಇಳಿಯೋದು?" ಮುಂಬಯಿಯ ವಿಕ್ರೋಳಿಗೆ, ನಮ್ಮಲ್ಲಿಗೆ ಬರುವವರಾದರೆ ಠಾಣೆಯಲ್ಲೇ ಇಳಿದುಬಿಡಿ. ಅಲ್ಲಿಂದ ಸ್ಲೋ ಲೋಕಲ್. ಮುಲುಂಡ್, ನಾಹೂರ್, ಭಾಂಡುಪ್, ಕಾಂಜೂರ್‌ಮಾರ್ಗ್, ಆಮೇಲೆ ನಮ್ಮ ವಿಕ್ರೋಳಿ. ಅಪ್ಪಿತಪ್ಪಿ ಫಾಸ್ಟ್ ಗಾಡಿ ಹತ್ತಿದರೆ ನಮ್ಮ ಸ್ಟೇಷನ್ನು ಕಿಟಕಿಯಾಚೆ ಸರ್ರನೆ ಹಾದುಹೋಗುತ್ತದೆ, ನೀವು ಘಾಟ್‌ಕೋಪರ್‌ನಲ್ಲಿ ಇಳಿದು ವಾಪಸು ಬರಬೇಕಾಗುತ್ತದೆ. ಅವರ ಎರಡನೆಯ ಪ್ರಶ್ನೆಯೂ ನನಗೆ ಬಾಯಿಪಾಠವಾಗಿದೆ: "ಪಾಪುವನ್ನು ಎಲ್ಲಿಗೆ ಕರಕೊಂಡು ಹೋಗೋಣ?" ಪಾಪು ಅಂದರೆ ಎರಡೋ ಎರಡೂವರೆಯೋ ವರ್ಷದ್ದು. ನಡೆಯಲು ಬರುತ್ತದೆ, ಆದರೆ ನಡೆಯುವುದಿಲ್ಲ. ಮಾತು ಬರುತ್ತದೆ, ಆದರೆ ಹೆಚ್ಚಾಗಿ 'ಬೇಡ' ಎಂಬ ಒಂದೇ ಮಾತು. ಇಂಥ ಪಾಪುವನ್ನು ಕಟ್ಟಿಕೊಂಡು ಮನರಂಜನಾ ಪಾರ್ಕಿಗೆ ಹೋಗಿಬರುವ ಬಗೆ ಹೇಗೆ ಎಂಬುದು ಈ ಹೊತ್ತಿನ ಮಾತು.

ಅದಕ್ಕೆ ಮೊದಲು ನಾವು ಹೊರಡುವ ಊರನ್ನು ಸ್ವಲ್ಪ ನೋಡಿ. ವಿಕ್ರೋಳಿಯ ಪೂರ್ವಕ್ಕೆ ಠಾಣೆ ಖಾರಿ, ಅದರ ದಡದುದ್ದಕ್ಕೂ ಕಾಂಡ್ಲಾ ಕಾಡು. ಹೆದ್ದಾರಿಯ ಬದಿಗೆ ಗೋದ್ರೆಜ್ ಕಾರ್ಖಾನೆಗಳ ದೊಡ್ಡ ಆವಾರ. ಕನ್ನಮ್‌ವಾರ್ ನಗರ, ಟಾಗೋರ್ ನಗರಗಳ ವಸಾಹತುಗಳು ಈ ಕಡೆ. ಹಳಿ ದಾಟಿ ಪಶ್ಚಿಮಕ್ಕೆ ಹೋದರೆ ಪಾರ್ಕ್‌ಸೈಟಿನ ಗುಡ್ಡ, ಅದರ ಕೆಳಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗ. ಕನ್ನಮ್‌ವಾರ್ ಎಂದೊಡನೆ ಕನ್ನಡದ ಹೆಸರೇ ಎಂದು ಕೇಳುವವರಿದ್ದಾರೆ. ಅಲ್ಲ, ಅದು 1962ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಮಾರೋತರಾವ್ ಕನ್ನಮ್‌ವಾರ್ ಅವರ ಹೆಸರು.

ಪಾರ್ಕಿಗೆ ಹೋದರೆ ಸಾಲು ತಪ್ಪದು, ಈ ಊರಿಗೂ ಸಾಲಿಗೂ ಹಳೆಯ ನಂಟು. 1951-52ರಲ್ಲಿ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ನಡೆದಾಗ ಬೇಕಾದ ಉಕ್ಕಿನ ಮತಪೆಟ್ಟಿಗೆಗಳಲ್ಲಿ 12 ಲಕ್ಷಕ್ಕೂ ಹೆಚ್ಚು ತಯಾರಾದದ್ದು ಇಲ್ಲಿಯ ಗೋದ್ರೆಜ್ ಕಾರ್ಖಾನೆಯಲ್ಲಿ. ದೇಶದ ಮೂಲೆಮೂಲೆಯಲ್ಲಿ ಜನ ಮೊದಲ ಸಲ ಓಟಿನ ಸಾಲು ಹಚ್ಚಿ ನಿಂತರಲ್ಲ, ಆ ಸಾಲುಗಳಲ್ಲಿ ಎಷ್ಟೋ ಬಂದು ಮುಟ್ಟಿದ್ದು ವಿಕ್ರೋಳಿಯ ಪೆಟ್ಟಿಗೆಗೆ. ನಾವು ಇಲ್ಲಿಯವರು ಮಾತ್ರ ದಶಕಗಳ ಕಾಲ ನಿಂತದ್ದು ರೈಲ್ವೆ ಫಾಟಕಿನ ಮುಂದೆ. ಪೂರ್ವದಿಂದ ಪಶ್ಚಿಮಕ್ಕೆ ಗಾಡಿಯಲ್ಲಿ ಹೋಗಬೇಕಾದರೆ ಸುತ್ತು ಹೊಡೆಯಬೇಕಿತ್ತು. ಕಡೆಗೂ 2025ರ ಜೂನ್‌ನಲ್ಲಿ ಮೇಲ್ಸೇತುವೆ ತೆರೆಯಿತು. ಮಗುವನ್ನು ಕೂರಿಸಿಕೊಂಡು ರಿಕ್ಷಾದಲ್ಲಿ ಆ ಕಡೆಗೆ ಹೋಗುವವರಿಗೆ ಇದು ಎಂಥ ಉಪಕಾರ ಎಂಬುದು ನಮಗೇ ಗೊತ್ತು.

ಈಗ ಪಾರ್ಕಿನ ವಿಷಯ. ಒಂದು ಕಾಲದಲ್ಲಿ ಮುಂಬಯಿ ಮಕ್ಕಳಿಗೆ ಪಾರ್ಕ್ ಎಂದರೆ ಎಸ್ಸೆಲ್‌ವರ್ಲ್ಡ್. 1989ರಲ್ಲಿ ಗೊರಾಯಿಯಲ್ಲಿ ಶುರುವಾಯಿತು. ವಿಕ್ರೋಳಿಯಿಂದ ದಾದರ್‌ಗೆ ಹೋಗಿ, ವೆಸ್ಟರ್ನ್ ಲೈನ್ ಹಿಡಿದು, ಆಮೇಲೆ ದೋಣಿ ಹತ್ತಿ ಸೇರುವಷ್ಟರಲ್ಲಿ ಮಕ್ಕಳಿಗೆ ಅರ್ಧ ಖುಷಿ ದಾರಿಯಲ್ಲೇ ಸಿಕ್ಕಿರುತ್ತಿತ್ತು. ಕೋವಿಡ್ ಆದಮೇಲೆ ಅದು ಬಾಗಿಲು ಮುಚ್ಚಿತು. ನಮ್ಮ ಮಗ್ಗುಲಲ್ಲೇ, ಘಾಟ್‌ಕೋಪರ್ ಪಶ್ಚಿಮದ ಆರ್‌ ಸಿಟಿ ಮಾಲ್‌ನಲ್ಲಿ 2013ರಿಂದ ಕಿಡ್‌ಜೇನಿಯಾ ಇದೆ. ಮಕ್ಕಳು ಅಲ್ಲಿ ಡಾಕ್ಟರು, ಪೈಲಟ್ಟು, ಅಗ್ನಿಶಾಮಕ ದಳದವರು ಎಲ್ಲ ಆಗಿ 'ಸಂಬಳ' ಎಣಿಸಿಕೊಳ್ಳುತ್ತಾರೆ. ಆದರೆ ಅದರ ಮಜಾ ನಾಲ್ಕು ವರ್ಷ ದಾಟಿದವರಿಗೆ. ನಮ್ಮ ಪಾಪುವಿಗೆ ಇನ್ನೂ ನೌಕರಿಯ ವಯಸ್ಸಾಗಿಲ್ಲ.

ಹಾಗಾಗಿ ಎಲ್ಲರ ಬಾಯಲ್ಲೂ ಬರುವ ಹೆಸರು ಇಮ್ಯಾಜಿಕಾ. ರಾಯಗಡ ಜಿಲ್ಲೆಯ ಖಾಲಾಪುರ ತಾಲೂಕು, ಖೋಪೋಲಿಯಿಂದ ಪಾಲಿಗೆ ಹೋಗುವ ರಸ್ತೆಯಲ್ಲಿ, ಸಹ್ಯಾದ್ರಿಯ ಬುಡದಲ್ಲಿದೆ. ನಮ್ಮಲ್ಲಿಂದ ಸುಮಾರು 70 ಕಿಲೋಮೀಟರು. ಐರೋಲಿ ಸೇತುವೆ ದಾಟಿ, ನವಿ ಮುಂಬಯಿ ಹಾದು, ಕಳಂಬೋಲಿಯಲ್ಲಿ ಪುಣೆ ಎಕ್ಸ್‌ಪ್ರೆಸ್‌ವೇ ಹತ್ತಿದರೆ ಆಯಿತು. 2013ರ ಏಪ್ರಿಲ್‌ನಲ್ಲಿ ಇದನ್ನು ತೆರೆದವರು ನಮ್ಮ ಕರಾವಳಿ ಮೂಲದ ಮನಮೋಹನ ಶೆಟ್ಟಿ. 1978ರಲ್ಲಿ ಆ್ಯಡ್‌ಲ್ಯಾಬ್ಸ್ ಎಂಬ ಫಿಲ್ಮ್ ಸಂಸ್ಕರಣೆಯ ಲ್ಯಾಬ್ ಕಟ್ಟಿ, 'ಅರ್ಧಸತ್ಯ'ದಂಥ ಚಿತ್ರ ನಿರ್ಮಿಸಿ, ವಡಾಲಾದಲ್ಲಿ ಐಮ್ಯಾಕ್ಸ್ ಗುಮ್ಮಟ ಎಬ್ಬಿಸಿದವರು ಅವರು. ಮುಂಬಯಿಯಲ್ಲಿ ಹೋಟೆಲು ಇಟ್ಟ ಶೆಟ್ಟರ ಕತೆ ಎಲ್ಲರಿಗೂ ಗೊತ್ತು. ರೋಲರ್ ಕೋಸ್ಟರ್ ಇಟ್ಟ ಶೆಟ್ಟರೂ ಒಬ್ಬರಿದ್ದಾರೆ ಎಂದು ನಾನು ನೆಂಟರಿಗೆ ಸ್ವಲ್ಪ ಜಂಬದಿಂದಲೇ ಹೇಳುವುದುಂಟು. ಈಗ ಪಾರ್ಕು ಮಾಲಪಾಣಿ ಸಮೂಹದ ಕೈಯಲ್ಲಿದೆ.

ಇಂಥ ಪಾರ್ಕುಗಳಲ್ಲಿ ಎತ್ತರವೇ ಕಾನೂನು. ಬಿಡದಿಯ ವಂಡರ್‌ಲಾ ನೋಡಿದವರಿಗೆ ಇದು ಹೊಸತಲ್ಲ. ಪ್ರತಿ ಆಟದ ಬಾಗಿಲಲ್ಲೂ ಅಳತೆಯ ಗೆರೆ ಇರುತ್ತದೆ, ಅದರ ಕೆಳಗೆ ತಲೆ ಇದ್ದರೆ ಒಳಗೆ ಬಿಡುವುದಿಲ್ಲ. ವಾದಿಸಿ ಪ್ರಯೋಜನವಿಲ್ಲ, ವಾದಿಸಲೂಬಾರದು. ಸೊಂಟಕ್ಕೆ ಅಡ್ಡ ಬೀಳುವ ಕಬ್ಬಿಣದ ಸರಳು ದೊಡ್ಡವರ ಮೈಗೆ ಮಾಡಿದ್ದು, ಅದರಡಿ ಪುಟ್ಟ ಮೈ ನುಸುಳಿಬಿಡುತ್ತದೆ. ಹಾಗಾಗಿ ನೈಟ್ರೋ ಎಂಬ ದೊಡ್ಡ ಕೋಸ್ಟರು, ಕತ್ತಲಲ್ಲಿ ಓಡುವ ಡೀಪ್ ಸ್ಪೇಸ್, ಇವು ಕೂಸಿಗೆ ಇಲ್ಲವೇ ಇಲ್ಲ. ಕೂಸಿಗೆ ಇರುವುದು ಕುದುರೆಗಳು ಸುತ್ತುವ ಮ್ಯಾಜಿಕ್ ಕರೊಸೆಲ್, ಟಬ್ಬಿ ಎಂಬ ಆನೆಯ ಹಾರಾಟ, ಇಂಥ ಕೆಲವು. ಸಾಕು. ಹಿಂದಿನ ರಾತ್ರಿಯೇ ಮನೆಯ ಗೋಡೆಗೆ ನಿಲ್ಲಿಸಿ ಪೆನ್ಸಿಲಿನಿಂದ ಗೆರೆ ಹಾಕಿ ಎತ್ತರ ಅಳೆದುಕೊಳ್ಳಿ. ಅಳತೆ ಗೊತ್ತಿದ್ದರೆ ಯಾವ ಸಾಲಿಗೆ ನಿಲ್ಲಬೇಕು, ಯಾವುದಕ್ಕೆ ನಿಂತರೆ ಸುಮ್ಮನೆ ಕಾಲುನೋವು ಎಂಬುದು ಮನೆಯಲ್ಲೇ ತೀರ್ಮಾನವಾಗುತ್ತದೆ.

ಸಾಲು ಎಷ್ಟು ಹೊತ್ತಿನದು ಎಂದು ತಿಳಿಯಲು ಒಂದು ಲೆಕ್ಕವಿದೆ. ಡೆನ್ಮಾರ್ಕಿನ ಎರ್ಲಾಂಗ್ ಎಂಬಾತ 1909ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕರೆಗಳಿಗಾಗಿ ಸಾಲಿನ ಗಣಿತ ಶುರುಮಾಡಿದ. 1961ರಲ್ಲಿ ಜಾನ್ ಲಿಟ್ಲ್ ಎಂಬಾತ ಅದರ ಒಂದು ಸರಳ ಸೂತ್ರವನ್ನು ಸಾಧಿಸಿ ತೋರಿಸಿದ. ನಮಗೆ ಬೇಕಾದಷ್ಟು ಇಷ್ಟೇ: ಮುಂದಿರುವ ತಲೆಗಳನ್ನು, ನಿಮಿಷಕ್ಕೆ ಒಳಗೆ ಹೋಗುವ ತಲೆಗಳಿಂದ ಭಾಗಿಸಿ. ಒಂದು ಸುತ್ತಿಗೆ 16 ಜನ, ಹತ್ತಿ ಇಳಿಯುವುದೂ ಸೇರಿ ಸುತ್ತಿಗೆ 4 ನಿಮಿಷ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ ನಾಲ್ವರು. ಮುಂದೆ 120 ಜನ ಇದ್ದರೆ ಅರ್ಧ ಗಂಟೆ. ಸಾಲು ಹಾವಿನ ಹಾಗೆ ಸುತ್ತಿರುವುದರಿಂದ ಕಣ್ಣಂದಾಜು ಮೋಸ ಮಾಡುತ್ತದೆ, ಒಂದು ಮಡಿಕೆಯಲ್ಲಿ ಎಷ್ಟು ಜನ ಎಂದು ಎಣಿಸಿ ಮಡಿಕೆಗಳಿಂದ ಗುಣಿಸಿದರೆ ಸರಿಯಾಗುತ್ತದೆ. ಎರಡು ವರ್ಷದ ಮಗುವಿಗೆ ಕಾಲು ಗಂಟೆಯ ಸಾಲು ನಡೆಯುತ್ತದೆ. ಅರ್ಧ ಗಂಟೆ ಎಂದರೆ ನಿಮಗೂ ಪರೀಕ್ಷೆ, ಹಿಂದೆ ಮುಂದೆ ನಿಂತವರಿಗೂ ಪರೀಕ್ಷೆ. ಅದಕ್ಕಿಂತ ಉದ್ದವಾದರೆ ಬಿಟ್ಟು ಮುಂದೆ ನಡೆಯಿರಿ. ಟಿಕೆಟಿಗೆ ಇಷ್ಟು ಕೊಟ್ಟಿದ್ದೇವೆ, ಎಲ್ಲ ಆಟವೂ ಆಗಲೇಬೇಕು ಎಂಬ ಹಟ ಅಪ್ಪಂದಿರಲ್ಲಿ ಹೆಚ್ಚು. ನನ್ನ ಅಳಿಯನಲ್ಲೂ ಇತ್ತು. ಆ ಹಟವನ್ನು ಗೇಟಿನ ಹೊರಗೆ, ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಒಳಗೆ ಹೋಗಬೇಕು.

ನಾನು ಕಂಡ ಒಂದು ಸಾಲಿನ ವಿಷಯ ಹೇಳುತ್ತೇನೆ. ಕರೊಸೆಲ್ ಮುಂದೆ ನಿಂತಿದ್ದೆವು. ಮೊಮ್ಮಗ ಮೊದಲು ಕಬ್ಬಿಣದ ಸರಳಿಗೆ ಜೋತುಬಿದ್ದ. ಅದು ಬೇಸರವಾಯಿತು. ನನ್ನ ಸೆರಗಿನೊಳಗೆ ತಲೆ ತೂರಿಸಿ 'ಅಜ್ಜಿ ಇಲ್ಲ' ಎಂದ. ಅದೂ ಬೇಸರವಾಯಿತು. ಆಮೇಲೆ ಮುಂದೆ ನಿಂತಿದ್ದ ಗುಜರಾತಿ ಹೆಂಗಸಿನ ಬೆನ್ನ ಚೀಲದ ಝಿಪ್ಪು ಹಿಡಿದು ಎಳೆಯತೊಡಗಿದ. ಮಗಳು "ಬಿಡು ಪುಟ್ಟಾ" ಎನ್ನುವಷ್ಟರಲ್ಲಿ ಆಕೆ ತಿರುಗಿ ನೋಡಿ ನಕ್ಕು, ಚೀಲ ಇಳಿಸಿ, ಒಳಗಿಂದ ಖಾಕ್ರಾದ ಒಂದು ತುಂಡು ಮುರಿದುಕೊಟ್ಟಳು. ಅದನ್ನು ಚೂರುಚೂರು ಕಡಿಯುತ್ತ ಅವನು ಎರಡು ಮಡಿಕೆ ದಾಟಿದ. ಡೇವಿಡ್ ಮೇಸ್ಟರ್ ಎಂಬಾತ 1985ರಲ್ಲಿ ಕಾಯುವವರ ಮನಸ್ಸಿನ ಬಗ್ಗೆ ಬರೆದ ಲೇಖನದಲ್ಲಿ ಇದೇ ಇದೆ: ಕೈಗೆ ಕೆಲಸವಿದ್ದರೆ ಕಾಯುವ ಹೊತ್ತು ಚಿಕ್ಕದೆನಿಸುತ್ತದೆ, ಎಷ್ಟು ಹೊತ್ತೆಂದು ಗೊತ್ತಿಲ್ಲದಿದ್ದರೆ ಅದೇ ಹೊತ್ತು ದೊಡ್ಡದೆನಿಸುತ್ತದೆ. ಅದಕ್ಕೇ ದೊಡ್ಡ ಪಾರ್ಕುಗಳು ಸಾಲಿನ ದಾರಿಯುದ್ದಕ್ಕೂ ಬೊಂಬೆ, ಚಿತ್ರ, ದೀಪ ಇಟ್ಟು ಆಟ ಅಲ್ಲಿಂದಲೇ ಶುರುವಾದಂತೆ ಮಾಡುತ್ತವೆ. ಎರಡು ವರ್ಷದವರಿಗೆ ಅವೆಲ್ಲ ಬೇಕಿಲ್ಲ. ಮುಚ್ಚಳ ತೆಗೆದು ಹಾಕಲು ಬರುವ ಖಾಲಿ ಡಬ್ಬಿ, ಅದರೊಳಗೆ ನಾಲ್ಕು ಮಂಡಕ್ಕಿ, ಇಷ್ಟಿದ್ದರೆ ಸಾಲು ಮುಂದೆ ಹೋಗುತ್ತದೆ. ಫೋನನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಕೊಟ್ಟರೆ, ಕುದುರೆ ಹತ್ತುವ ಹೊತ್ತಿಗೆ ಅದನ್ನು ಕಿತ್ತುಕೊಳ್ಳಬೇಕಾಗಿ ಬಂದು ಮಗು ರಚ್ಚೆ ಹಿಡಿಯುತ್ತದೆ.

ದೊಡ್ಡವರಿಗೂ ಒಂದು ಆಟ ಬೇಕಲ್ಲ? ರಾಜಾಸೌರಸ್ ಎಂಬ ದೋಣಿಯಾಟವಿದೆ, ನೀರು ಎರಚುತ್ತದೆ. ಹೆಸರು ಕಟ್ಟುಕತೆಯದಲ್ಲ, ಗುಜರಾತಿನ ರಹಿಯೋಲಿಯಲ್ಲಿ ನಿಜವಾಗಿ ಪಳೆಯುಳಿಕೆ ಸಿಕ್ಕ ಡೈನೋಸಾರಿನದು, 2003ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರು. ಅಂಥದಕ್ಕೆ ಸರದಿಯ ಮೇಲೆ ಹೋಗಿ: ಒಬ್ಬರು ಸಾಲಿಗೆ, ಒಬ್ಬರು ಮಗುವಿನೊಂದಿಗೆ ನೆರಳಿಗೆ. ಮೊದಲನೆಯವರು ಬಂದಮೇಲೆ ಎರಡನೆಯವರು ಮತ್ತೆ ಪೂರ್ತಿ ಸಾಲು ನಿಲ್ಲದೆ ಒಳಗೆ ಹೋಗಲು ಬಿಡುವ ವ್ಯವಸ್ಥೆ ಪರದೇಶದ ಪಾರ್ಕುಗಳಲ್ಲಿ ಇದೆ. ಇಲ್ಲಿಯೂ ಬಾಗಿಲಲ್ಲಿರುವ ಹುಡುಗರನ್ನು ಮೊದಲೇ ಕೇಳಿ ನೋಡಿ. ಕೇಳುವುದಕ್ಕೆ ದುಡ್ಡಿಲ್ಲ. ಅಜ್ಜಿಯೊಬ್ಬಳು ಜೊತೆಗಿದ್ದರೆ ಈ ಚಿಂತೆಯೇ ಇಲ್ಲ, ಗಂಡಹೆಂಡತಿ ಒಟ್ಟಿಗೇ ಹೋಗಬಹುದು. ನನ್ನನ್ನು ಯಾಕೆ ಅಷ್ಟು ಅಕ್ಕರೆಯಿಂದ ಕರೆದುಕೊಂಡು ಹೋಗುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ.

ಹೆಚ್ಚು ದುಡ್ಡು ಕೊಟ್ಟವರಿಗೆ ಬೇಗ ಬಿಡುವ ಎಕ್ಸ್‌ಪ್ರೆಸ್ ಸಾಲೂ ಉಂಟು. ಇದನ್ನು ಅನ್ಯಾಯ ಎನ್ನುವವರು ತಿರುಪತಿಯಲ್ಲಿ 300 ರೂಪಾಯಿ ಟಿಕೆಟು ತೆಗೆದುಕೊಂಡವರೇ ಆಗಿರುತ್ತಾರೆ. ಮುಂಬಯಿಯ ಲಾಲ್‌ಬಾಗ್ ಗಣಪತಿಗೂ ಎರಡು ಸಾಲು: ಹರಕೆಯವರಿಗೆ ಪಾದದ ತನಕ ಹೋಗುವ ನವಸದ ಸಾಲು, ದೂರದಿಂದ ಮುಖ ನೋಡಿ ಹೋಗುವವರಿಗೆ ಇನ್ನೊಂದು. ಕೂಸಿನ ಜೊತೆ ಹೋಗುವವರಿಗೆ ಆ ಎಕ್ಸ್‌ಪ್ರೆಸ್ ದುಡ್ಡು ದಂಡ ಎನ್ನುತ್ತೇನೆ. ಅದು ಉಳಿಸಿಕೊಡುವುದು ದೊಡ್ಡ ಆಟಗಳ ಹೊತ್ತನ್ನು, ಕೂಸು ಏರುವುದು ಸಣ್ಣ ಆಟಗಳನ್ನು. ಅದರ ಬದಲು ವಾರದ ನಡುವಿನ ದಿನ ಆರಿಸಿ. ದೀಪಾವಳಿ, ಕ್ರಿಸ್ಮಸ್, ಮೇ ತಿಂಗಳ ರಜೆ, ಶನಿವಾರ, ಭಾನುವಾರ ಬೇಡವೇ ಬೇಡ. ಕೂಸಿಗೆ ಶಾಲೆಯಿಲ್ಲ, ಅದಕ್ಕೆ ರಜೆಯೇಕೆ ಕಾಯಬೇಕು? ಡಿಸೆಂಬರ್ ಮೊದಲ ವಾರಗಳು, ಜನವರಿಯ ಮಧ್ಯ ಒಳ್ಳೆಯವು. ಮಳೆಗಾಲದಲ್ಲಿ ಸಹ್ಯಾದ್ರಿ ಕಣ್ಣಿಗೆ ಹಬ್ಬ, ಆದರೆ ಖೋಪೋಲಿಯ ಕಡೆ ಸುರಿಯುವ ಮಳೆಗೆ ಬಯಲಿನ ಆಟಗಳನ್ನು ನಿಲ್ಲಿಸಿಬಿಡುತ್ತಾರೆ.

ಇನ್ನು ನಿದ್ದೆ. ಇಡೀ ದಿನದ ವೇಳಾಪಟ್ಟಿ ಪಾರ್ಕಿನ ನಕ್ಷೆಯಲ್ಲಿಲ್ಲ, ಮಗುವಿನ ಮಧ್ಯಾಹ್ನದ ನಿದ್ದೆಯಲ್ಲಿದೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ತಲುಪಿ. ಎಲ್ಲರೂ ದೊಡ್ಡ ಕೋಸ್ಟರಿನ ಕಡೆ ಓಡುವಾಗ ನೀವು ಸಣ್ಣ ಮಕ್ಕಳ ಆಟಗಳನ್ನು ಮುಗಿಸಿಕೊಳ್ಳಿ. ಹನ್ನೆರಡರ ಒಳಗೆ ಊಟ. ಹೊರಗಿನ ತಿಂಡಿ ಒಳಗೆ ಬಿಡದಿದ್ದರೂ ಕೂಸಿನ ಆಹಾರಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಹುರಿದ ರಾಗಿಹಿಟ್ಟು ಡಬ್ಬಿಯಲ್ಲಿ, ಬಿಸಿನೀರು ಥರ್ಮಾಸಿನಲ್ಲಿ ಇದ್ದರೆ ಐದು ನಿಮಿಷದಲ್ಲಿ ಮಣ್ಣಿ ರೆಡಿ. ಊಟವಾದ ಮೇಲೆ ತಳ್ಳುಗಾಡಿಯನ್ನು ಹಿಂದಕ್ಕೆ ವಾಲಿಸಿ, ಮೇಲೆ ತೆಳು ದುಪಟ್ಟಾ ಹೊದಿಸಿ, ಸದ್ದು ಕಡಿಮೆ ಇರುವ ನೆರಳಲ್ಲಿ ನಿಲ್ಲಿಸಿದರೆ ಮಗು ಮಲಗುತ್ತದೆ. ಆ ಒಂದು ಗಂಟೆ ನಿಮ್ಮದು. ಎದ್ದಮೇಲೆ ಇನ್ನೊಂದೆರಡು ಆಟ, ಮೆರವಣಿಗೆ ಇದ್ದರೆ ಅದು, ಆಮೇಲೆ ಹೊರಡಿ. ಕತ್ತಲಾಗುವ ತನಕ ಉಳಿದರೆ ವಾಶಿಯ ಆಸುಪಾಸು ಗಾಡಿಗಳ ನಡುವೆ ಸಿಕ್ಕಿ, ದಿನದ ಅತಿ ಉದ್ದದ ಸಾಲನ್ನು ಕಾರಿನಲ್ಲಿ ಕೂತು ಕಾಯಬೇಕಾಗುತ್ತದೆ.

ಇಷ್ಟೆಲ್ಲ ಯಾರಿಗೆ ಬೇಕು ಎನ್ನುವವರಿಗೆ ನನ್ನ ಸ್ವಂತ ಆಯ್ಕೆ ಹೇಳಿಬಿಡುತ್ತೇನೆ. ಮೂರು ವರ್ಷ ತುಂಬುವ ತನಕ ಭಾಯ್ಖಳಾದ ರಾಣಿಬಾಗ್ ಮೃಗಾಲಯ ಸಾಕು. ವಿಕ್ರೋಳಿಯಿಂದ ಗಾಡಿ ಬದಲಿಸದೆ ಒಂದೇ ಸ್ಲೋ ಲೋಕಲ್, ಬೆಳಿಗ್ಗೆ ಹತ್ತರ ನಂತರ ಹತ್ತಿದರೆ ಕೂರಲು ಜಾಗವೂ ಸಿಗಬಹುದು. ಸ್ಟೇಷನ್ನಿನ ಪೂರ್ವಕ್ಕೆ ಇಳಿದು ನಡೆದೇ ಹೋಗಬಹುದು. ಹಳೆಯ ಮರಗಳ ನೆರಳು, ಓಡಾಡಲು ಅಂಗಳ, ಎತ್ತರದ ಗೆರೆ ಎಲ್ಲಿಯೂ ಇಲ್ಲ. 2016ರಲ್ಲಿ ಸಿಯೋಲ್‌ನಿಂದ ತಂದ ಹಂಬೋಲ್ಟ್ ಪೆಂಗ್ವಿನ್‌ಗಳ ಮನೆಗೆ ಮಾತ್ರ ಸಾಲು ಬೆಳೆಯುತ್ತದೆ, ಅದನ್ನು ಮೊದಲು ಮುಗಿಸಿಕೊಳ್ಳಿ, ಉಳಿದ ಪ್ರಾಣಿಗಳನ್ನು ಆಮೇಲೆ ನೋಡಿದರಾಯಿತು. ಬುಧವಾರ ರಜೆ ಇರುತ್ತದೆ, ಅಂದು ಮಾತ್ರ ಹೋಗಬೇಡಿ.