ಕ್ರಾಂತಿಯ ಪತ್ರ ಕಾಪಾಡಿದವಳು ಆಮೇಲೆ ಏನಾದಳು? ಮನಿಲಾದ ಒಂದು ಮನೆಯ ಕಥೆ

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ದರೆ ಇವತ್ತು ಸ್ವಲ್ಪ ದೂರ ಹೋಗೋಣ. ಫಿಲಿಪೈನ್ಸ್ ದೇಶದ ಮನಿಲಾ. ಅಲ್ಲಿ ಕಿಯಾಪೊ ಅಂತ ಒಂದು ಹಳೇ ಪೇಟೆ ಇದೆ. ಕೆರೆ ನೀರಿನ ಮೇಲೆ ಹಸಿರು ಹೂವಿನ ಥರ ತೇಲುತ್ತಲ್ಲ, ನಾವು ಅಂತರಗಂಗೆ ಅಂತೀವಲ್ಲ, ಅದೇ ಗಿಡಕ್ಕೆ ಅವರ ಭಾಷೇಲಿ ಕಿಯಾಪೊ ಅಂತ ಹೆಸರು. ಪೇಟೆಗೆ ಹೆಸರು ಬಂದಿದ್ದು ಅದರಿಂದಲೇ.

ಮೊದಲು ಒಂದು ರಾತ್ರಿಯ ಕಥೆ ಹೇಳ್ತೀನಿ. 1890ರ ದಶಕ. ಫಿಲಿಪೈನ್ಸ್ ಆಗ ಸ್ಪೇನ್ ಕೈಯಲ್ಲಿತ್ತು. ಸ್ಪೇನ್ ವಿರುದ್ಧ ಕಟಿಪುನಾನ್ ಅನ್ನೋ ಗುಪ್ತ ಸಂಘಟನೆ ಬೆಳೀತಾ ಇತ್ತು. ಅದರ ಪತ್ರಗಳು, ಮುದ್ರೆಗಳು, ಆಯುಧಗಳು ಒಬ್ಬ ಯುವತಿಯ ಮನೇಲಿದ್ದವು. ಪೊಲೀಸರು ಶೋಧಕ್ಕೆ ಬರ್ತಾರೆ ಅಂತ ಸುದ್ದಿ ಬಂತು. ಆಕೆ ಎಲ್ಲವನ್ನೂ ಗಂಟು ಕಟ್ಟಿ, ಊಟಾನೂ ಮಾಡದೆ ಒಂದು ಕುದುರೆ ಗಾಡಿ ಹತ್ತಿದಳು. ಎಲ್ಲಿಗೂ ಹೋಗೋಕಲ್ಲ, ಸುಮ್ಮನೆ ಸುತ್ತೋಕೆ! ರಾತ್ರಿ ಹನ್ನೊಂದರವರೆಗೂ ಮನಿಲಾದ ಬೀದಿ ಬೀದಿ ಸುತ್ತಿ, ಅಪಾಯ ಕಳೀತು ಅಂತ ಗೊತ್ತಾದ ಮೇಲೆ ಮನೆಗೆ ಬಂದಳು.

ಆಕೆ ಹೆಸರು ಗ್ರೆಗೋರಿಯಾ ದೆ ಹೆಸೂಸ್. ಗಂಡ ಆಂದ್ರೆಸ್ ಬೊನಿಫಾಸಿಯೊ, ಕಟಿಪುನಾನ್‌ನ ಮುಖ್ಯಸ್ಥ. ಕ್ರಾಂತಿ 1896ರ ಆಗಸ್ಟ್‌ನಲ್ಲಿ ಶುರುವಾಯ್ತು. ಮುಂದಿನ ವರ್ಷ ಮೇ 10ಕ್ಕೆ ಬೊನಿಫಾಸಿಯೊನನ್ನ ಕೊಂದುಬಿಟ್ಟರು. ಕೊಂದಿದ್ದು ಸ್ಪೇನ್‌ನವರಲ್ಲ, ಅದೇ ಕ್ರಾಂತಿಯ ಇನ್ನೊಂದು ಬಣ. ಎಮಿಲಿಯೊ ಅಗಿನಾಲ್ಡೊ ನಾಯಕತ್ವದ ಬಣ. ಹಿಂದಿನ ದಿನ ತಾನೆ ಗ್ರೆಗೋರಿಯಾಗೆ 22 ತುಂಬಿತ್ತು. ಗಂಡನ ದೇಹ ಹುಡುಕಿಕೊಂಡು ಆಕೆ ಬೆಟ್ಟ ಕಾಡು ಅಲೆದಳು. ಸಿಗಲಿಲ್ಲ.

ಸಾಮಾನ್ಯವಾಗಿ ಕಥೆ ಇಲ್ಲಿಗೇ ಮುಗಿಯುತ್ತೆ. ಆಕೆ ಬೊನಿಫಾಸಿಯೊ ವಿಧವೆ, ಅಷ್ಟೆ.

ಆದರೆ ಲೆಕ್ಕ ಹಾಕಿ ನೋಡಿ. ಬಿ.ಕಾಂ. ಮಾಡಿದವಳು ನಾನು, ಲೆಕ್ಕ ಬಿಡಲ್ಲ. ಬೊನಿಫಾಸಿಯೊ ಜತೆ ಆಕೆಯ ಸಂಸಾರ 1893ರಿಂದ 1897ರವರೆಗೆ, ನಾಲ್ಕು ವರ್ಷ. ಆಕೆ ತೀರಿಕೊಂಡಿದ್ದು 1943ರಲ್ಲಿ. ಮಿಕ್ಕ 46 ವರ್ಷ ಎಲ್ಲಿ ಹೋಯ್ತು? ಆ 46 ವರ್ಷ ಉಳಿದಿರೋದು ಒಂದು ಕುಟುಂಬದ ಹತ್ತಿರ. ಅದರಲ್ಲೂ ಆ ಕುಟುಂಬದ ಒಂದು ಮನೇಲಿ.

1898ರಲ್ಲಿ ಗ್ರೆಗೋರಿಯಾ ಇನ್ನೊಂದು ಮದುವೆ ಆದಳು. ಗಂಡ ಹುಲಿಯೊ ನಾಕ್‌ಪಿಲ್. ಇವನೂ ಕ್ರಾಂತಿಕಾರಿಯೇ, ಬೊನಿಫಾಸಿಯೊ ಕಡೆಯವನು. ವೃತ್ತಿಯಲ್ಲಿ ಸಂಗೀತಗಾರ, ಪಿಯಾನೊ ವಾದಕ. ಬೊನಿಫಾಸಿಯೊ ಹೇಳಿದ ಅಂತ 1896ರಲ್ಲಿ ಒಂದು ರಾಷ್ಟ್ರಗೀತೆಗೆ ಸಂಗೀತ ಹಾಕಿದ್ದ. ಹೇಳಿದವನೇ ಹೋದ ಮೇಲೆ ಗೀತೆಯ ಗತಿ ಏನಾಗುತ್ತೆ? ಅಗಿನಾಲ್ಡೊ 1898ರಲ್ಲಿ ಹುಲಿಯಾನ್ ಫೆಲಿಪೆ ಅನ್ನೋ ಇನ್ನೊಬ್ಬ ಸಂಗೀತಗಾರನಿಂದ ಬೇರೆ ಗೀತೆ ಮಾಡಿಸಿದ. ಇವತ್ತಿಗೂ ಫಿಲಿಪೈನ್ಸ್‌ನ ರಾಷ್ಟ್ರಗೀತೆ ಅದೇ. ನಾಕ್‌ಪಿಲ್ ಗೀತೆ ಸೋತವರ ಗೀತೆ ಆಗಿ ಉಳೀತು.

ಈಗ ಮನೆ ವಿಷಯಕ್ಕೆ ಬರ್ತೀನಿ. ಹುಲಿಯೊ ಜತೆ ಹುಟ್ಟಿದವಳು ಪೆಟ್ರೋನಾ. ಆಕೆ ಗಂಡ ಅರಿಸ್ಟೋನ್ ಬೌತಿಸ್ತಾ, ದೊಡ್ಡ ಡಾಕ್ಟರ್. ಈ ಗಂಡ ಹೆಂಡತಿ 1914ರಲ್ಲಿ ಕಿಯಾಪೊದಲ್ಲಿ ಮನೆ ಕಟ್ಟಿಸಿದರು. ವಾಸ್ತುಶಿಲ್ಪಿ ಅರ್ಕಾಡಿಯೊ ಅರೆಲಾನೊ. ಕೆಳಗೆ ಕಲ್ಲು, ಮೇಲೆ ಮರ. ಅಲ್ಲಿನ ಸಾಂಪ್ರದಾಯಿಕ ಶೈಲಿ ಇದು, 'ಬಹಾಯ್ ನಾ ಬತೊ' ಅಂತಾರೆ, ಕಲ್ಲುಮನೆ ಅಂತ ಅರ್ಥ. ಆದರೆ ಒಳಗಿನ ಅಲಂಕಾರ ಮಾತ್ರ ಯುರೋಪಿನ ವಿಯೆನ್ನಾ ಕಡೆಯದು. ಯಾಕಂದ್ರೆ ಅವರಿಗೆ ವಿಯೆನ್ನಾ ಶೈಲಿಯ ಕುರ್ಚಿ, ಮೇಜಿನ ಸೆಟ್ ಒಂದು ಉಡುಗೊರೆಯಾಗಿ ಬಂದಿತ್ತು. ಅದಕ್ಕೆ ಹೊಂದೋ ಹಾಗೆ ಮನೆ ಅಲಂಕಾರ ಮಾಡಿಸಿದರು! ನಮ್ಮಲ್ಲಿ ಮನೆ ನೋಡಿ ಸೋಫಾ ತರ್ತಾರೆ, ಇವರು ಸೋಫಾ ನೋಡಿ ಮನೆ ಮಾಡಿದ್ದಾರೆ.

ಕೂಡು ಕುಟುಂಬ. ಹುಲಿಯೊ, ಗ್ರೆಗೋರಿಯಾ, ಮಕ್ಕಳು ಎಲ್ಲರೂ ಇದೇ ಮನೇಲಿದ್ದರು. ಕುದುರೆ ಸವಾರಿ, ಬಂದೂಕು ಕಲಿತಿದ್ದ ಹೆಂಗಸು ಇಲ್ಲಿ ಅಮ್ಮ ಆದಳು, ಅಜ್ಜಿ ಆದಳು. ಮಗ ಹುವಾನ್ ನಾಕ್‌ಪಿಲ್ ಮುಂದೆ ದೊಡ್ಡ ವಾಸ್ತುಶಿಲ್ಪಿ. 1973ರಲ್ಲಿ ಫಿಲಿಪೈನ್ಸ್‌ನ 'ರಾಷ್ಟ್ರೀಯ ಕಲಾವಿದ' ಗೌರವ ಬಂತು, ವಾಸ್ತುಶಿಲ್ಪಕ್ಕೆ ಅದನ್ನ ಪಡೆದವರಲ್ಲಿ ಇವರೇ ಮೊದಲಿಗರು. ಗ್ರೆಗೋರಿಯಾ 1928ರಲ್ಲಿ ತನ್ನ ಬದುಕಿನ ಬಗ್ಗೆ ತಾನೇ ಬರೆದಳು. ಆ ಗಾಡಿ ಸುತ್ತಾಟದ ಕಥೆ ನಮಗೆ ಗೊತ್ತಾಗಿದ್ದು ಅದರಿಂದ. ಸಣ್ಣ ಬರಹ. ಕೊನೇಲಿ ಯುವಜನರಿಗೆ ಒಂದಿಷ್ಟು ಕಿವಿಮಾತು.

ಈಗ 1945. ಎರಡನೇ ಮಹಾಯುದ್ಧ. ಅಮೆರಿಕ ಮತ್ತು ಜಪಾನ್ ಸೇನೆಗಳ ನಡುವೆ ಮನಿಲಾ ಊರೊಳಗೇ ಒಂದು ತಿಂಗಳು ಕಾಳಗ. ಸತ್ತ ಸಾಮಾನ್ಯ ಜನರ ಸಂಖ್ಯೆ ಸುಮಾರು 1 ಲಕ್ಷ ಅಂತ ಅಂದಾಜು. ಪಾಸಿಗ್ ನದಿಯ ದಕ್ಷಿಣಕ್ಕಿದ್ದ ಹಳೇ ಊರು ನೆಲಸಮ ಆಯ್ತು. ನ್ಯಾಷನಲ್ ಲೈಬ್ರರಿಯ ಬಹುಪಾಲು ಸಂಗ್ರಹ ಹೋಯ್ತು. ಒಂದು ದೇಶ ತನ್ನ ನೆನಪನ್ನೆಲ್ಲ ಒಂದೇ ಊರಲ್ಲಿ ಇಟ್ಟಿತ್ತು, ಆ ಊರೇ ಸುಟ್ಟುಹೋಯ್ತು. ಕಿಯಾಪೊ ನದಿಯ ಉತ್ತರಕ್ಕಿತ್ತು, ಮನೆ ಉಳೀತು. ಸರ್ಕಾರದ ಕಪಾಟುಗಳು ಬೂದಿ ಆದಾಗ ಮನೆಗಳಲ್ಲಿ ಇದ್ದ ಪತ್ರ, ಫೋಟೊ, ಅಜ್ಜಿಯ ಮಾತು, ಇವಕ್ಕೆಲ್ಲ ಬೆಲೆ ಎಷ್ಟು ಏರಿರಬೇಕು ಯೋಚನೆ ಮಾಡಿ.

ಹುಲಿಯೊ ನಾಕ್‌ಪಿಲ್ 1960ರಲ್ಲಿ ತೀರಿಕೊಂಡ. ಆಮೇಲೆ ಕುಟುಂಬದವರು ಮಾಡಿದ ಕೆಲಸ ನನಗೆ ತುಂಬ ಇಷ್ಟ. 1964ರಲ್ಲಿ ಹುಲಿಯೊನ ಬರಹಗಳನ್ನೂ ಗ್ರೆಗೋರಿಯಾಳ ಆತ್ಮಕಥೆಯನ್ನೂ ಒಂದೇ ಪುಸ್ತಕದಲ್ಲಿ ತಂದರು. ಇತಿಹಾಸಗಾರ್ತಿ ಎನ್ಕಾರ್ನಾಸಿಯೊನ್ ಅಲ್ಸೋನಾ ಅನುವಾದಿಸಿ ಸಂಪಾದಿಸಿದರು. ಪ್ರಕಾಶಕರ ಹೆಸರಿನ ಜಾಗದಲ್ಲಿ ಏನಿದೆ ಗೊತ್ತಾ? 'ಹುಲಿಯೊ ನಾಕ್‌ಪಿಲ್ ವಾರಸುದಾರರು'. ವಾರಸುದಾರರು ಅಂದ ತಕ್ಷಣ ನಮ್ಮ ತಲೇಲಿ ಬರೋದು ಪಾಲು, ಕೋರ್ಟು, ಸೈಟು. ಇಲ್ಲಿ ವಾರಸುದಾರರು ಪುಸ್ತಕ ಹಾಕಿಸಿದ್ದಾರೆ.

ಹಾಗಂತ ಎಲ್ಲಾ ಮನೇಲೇ ಉಳಿದಿಲ್ಲ. ಫಿಲಿಪೈನ್ಸ್‌ನ ಖ್ಯಾತ ಕಲಾವಿದ ಹುವಾನ್ ಲೂನಾ, ಡಾಕ್ಟರ್ ಬೌತಿಸ್ತಾ ಇಬ್ಬರೂ ಪ್ಯಾರಿಸ್‌ನಲ್ಲಿ ಸ್ನೇಹಿತರು. ಲೂನಾ 1892ರಲ್ಲಿ ಬರೆದ 'ದಿ ಪ್ಯಾರಿಸಿಯನ್ ಲೈಫ್' ಅನ್ನೋ ಚಿತ್ರದಲ್ಲಿ ಒಂದು ಕೆಫೆ, ಒಬ್ಬ ಹೆಂಗಸು, ಮೂಲೇಲಿ ಮೂವರು ಗಂಡಸರು. ಆ ಮೂವರು ಲೂನಾ, ಬೌತಿಸ್ತಾ ಮತ್ತು ಫಿಲಿಪೈನ್ಸ್‌ನ ರಾಷ್ಟ್ರವೀರ ಹೊಸೆ ರಿಸಾಲ್ ಅಂತ ಹೇಳ್ತಾರೆ. ಚಿತ್ರ ಬೌತಿಸ್ತಾ ಹತ್ತಿರ ಇತ್ತು. 2002ರಲ್ಲಿ ಅದು ಹಾಂಗ್‌ಕಾಂಗ್‌ನ ಹರಾಜಿಗೆ ಬಂತು. ಸರ್ಕಾರಿ ನೌಕರರ ಪಿಂಚಣಿ ನಿಧಿ ನೋಡಿಕೊಳ್ಳೋ ಸಂಸ್ಥೆ ಅದನ್ನ 4 ಕೋಟಿ 60 ಲಕ್ಷ ಪೆಸೊಗೆ ಕೊಂಡಿತು. ನೌಕರರ ದುಡ್ಡಲ್ಲಿ ಚಿತ್ರ ಕೊಳ್ಳಬೇಕಿತ್ತಾ ಅಂತ ದೊಡ್ಡ ಗಲಾಟೆ ಆಯ್ತು.

ನನ್ನ ಒಳಗಿನ ಅಕೌಂಟೆಂಟ್ ಆ ನೌಕರರ ಪರ. ಆದರೆ ಇನ್ನೊಂದು ಮಾತು. ಚಿತ್ರಕ್ಕೆ ಹರಾಜಿನ ಬೆಲೆ ಇದೆ. ಮನೆಗೆ? ಪೇಟೆ ಮಧ್ಯದ ಜಾಗಕ್ಕೆ ಬೆಲೆ ಇರುತ್ತೆ, ಮೇಲಿರೋ ಹಳೇ ಮರದ ಕಟ್ಟಡಕ್ಕೆ ಬ್ಯಾಲೆನ್ಸ್ ಶೀಟಲ್ಲಿ ಸೊನ್ನೆ. ಫಿಲಿಪೈನ್ಸ್‌ನಲ್ಲಿ 2010ರಲ್ಲಿ ಪರಂಪರೆ ಕಾನೂನು ಬಂತು. 50 ವರ್ಷ ದಾಟಿದ ಕಟ್ಟಡಗಳನ್ನ ಸುಮ್ಮನೆ ಕೆಡವೋ ಹಾಗಿಲ್ಲ ಅಂತ ಅದರಲ್ಲಿತ್ತು. ಒಳ್ಳೇದೇ. ಆದರೆ ಕಾನೂನು ಗೆದ್ದಲು ಹೊಡೆಯಲ್ಲ, ಸೋರೋ ಮಾಡು ರಿಪೇರಿ ಮಾಡಲ್ಲ. ಅದಕ್ಕೆ ಮನೆಯವರೇ ಬೇಕು. ಕಿಯಾಪೊದ ಎಷ್ಟೋ ಹಳೇ ಮನೆಗಳು ಗೋದಾಮು, ಬಾಡಿಗೆ ರೂಮು ಆಗಿವೆ, ಎಷ್ಟೋ ಬಿದ್ದು ಹೋಗಿವೆ. ನಾಕ್‌ಪಿಲ್ ಬೌತಿಸ್ತಾ ವಂಶದವರು ಈ ಮನೆಯನ್ನ ಮ್ಯೂಸಿಯಂ ಮಾಡಿ ಬಾಗಿಲು ತೆರೆದಿಟ್ಟರು.

ಇಲ್ಲಿ ಒಂದು ಪ್ರಶ್ನೆ ಬರುತ್ತೆ, ಬರಲೇಬೇಕು. ಮನೆಯವರು ಹೇಳೋದೆಲ್ಲ ನಿಜಾನಾ? ನಮ್ಮ ತಾತ ತಪ್ಪು ಮಾಡಿದ ಅಂತ ಯಾವ ಮೊಮ್ಮಗ ಫಲಕ ಹಾಕ್ತಾನೆ ಹೇಳಿ! 1996ರಲ್ಲಿ ಗ್ಲೆನ್ ಮೇ ಅನ್ನೋ ಅಮೆರಿಕನ್ ಇತಿಹಾಸಕಾರ, ಬೊನಿಫಾಸಿಯೊ ಬಗ್ಗೆ ನಮಗಿರೋ ಎಷ್ಟೋ ದಾಖಲೆಗಳನ್ನ ನಂಬೋಕಾಗಲ್ಲ, ಈ ನಾಯಕನ ಚಿತ್ರವೇ ಕಟ್ಟಿದ್ದು ಅಂತ ಪುಸ್ತಕ ಬರೆದ. ಫಿಲಿಪಿನೊ ವಿದ್ವಾಂಸರು ಸಿಟ್ಟಾದರು, ಉತ್ತರ ಕೊಟ್ಟರು. ಜಗಳದ ಮಧ್ಯೆ ಒಂದು ವಿಷಯ ನೋಡಿ. ಕಟಿಪುನಾನ್‌ನ ಮೂಲ ಪತ್ರಗಳಲ್ಲಿ ದೊಡ್ಡ ರಾಶಿ ಇವತ್ತು ಇರೋದು ಸ್ಪೇನ್‌ನಲ್ಲಿ, ಮ್ಯಾಡ್ರಿಡ್‌ನ ಮಿಲಿಟರಿ ಆರ್ಕೈವ್‌ನಲ್ಲಿ. ಯಾಕೆ? ಸ್ಪೇನ್‌ನವರು ದಾಳಿ ಮಾಡಿದಾಗ ವಶಪಡಿಸಿಕೊಂಡ ಕಾಗದಗಳು ಅವು. ಆವತ್ತು ಗ್ರೆಗೋರಿಯಾ ಯಾರ ಕೈಗೆ ಸಿಗಬಾರದು ಅಂತ ಗಾಡೀಲಿ ಸುತ್ತಿದ್ದಳೋ, ಅದೇ ಥರದ ಕಾಗದಗಳು ಕೊನೆಗೆ ಉಳಿದಿದ್ದು ಅವರ ಕಪಾಟಿನಲ್ಲೇ!

ನನಗನ್ನಿಸೋದು, ಎರಡೂ ಬೇಕು. ಮ್ಯಾಡ್ರಿಡ್‌ನ ಕಡತದಲ್ಲಿ ಸದಸ್ಯರ ಹೆಸರು, ತಾರೀಕು ಸಿಗಬಹುದು. ಇನ್ನೊಂದು ಮದುವೆ ಮಾಡಿಕೊಂಡ ಗ್ರೆಗೋರಿಯಾ, ಮಕ್ಕಳನ್ನ ಬೆಳೆಸಿದ ಗ್ರೆಗೋರಿಯಾ, ಸೋತ ಗೀತೆಯ ಸಂಗೀತಗಾರನ ಪಕ್ಕ ನಲವತ್ತು ಚಿಲ್ಲರೆ ವರ್ಷ ಕೂತ ಗ್ರೆಗೋರಿಯಾ, ಇದು ಪೊಲೀಸರ ಕಡತದಲ್ಲಿ ಸಿಗಲ್ಲ. ಆಕೆ ಪ್ರತಿಮೆಯಾಗಿ ಅಲ್ಲ, ಮನುಷ್ಯಳಾಗಿ ಇರೋ ಜಾಗ ಆ ಮನೆ. ಮನೆಯವರ ಮಾತಲ್ಲಿ ಸ್ವಲ್ಪ ಪ್ರೀತಿ ಜಾಸ್ತಿ ಇದ್ದರೆ ಇರಲಿ, ಪಕ್ಕದಲ್ಲಿ ಕಡತ ಇಟ್ಕೊಂಡು ಕೇಳೋಣ.

ನಾನಿನ್ನೂ ಮನಿಲಾಗೆ ಹೋಗಿಲ್ಲ, ಅಗ್ಗದ ಟಿಕೆಟ್ ಕಾಯ್ತಾ ಇದ್ದೀನಿ. ನೀವು ಮೊದಲು ಹೋದರೆ, ಕಿಯಾಪೊ ಚರ್ಚ್‌ನಿಂದ ನಡ್ಕೊಂಡು ಹೋಗೋ ದೂರ, ಬೌತಿಸ್ತಾ ಸ್ಟ್ರೀಟ್. ಡಾಕ್ಟರ್ ಹೆಸರನ್ನೇ ಬೀದಿಗೆ ಇಟ್ಟಿದ್ದಾರೆ. ಅಲ್ಲಿಂದ ಒಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡಲ್ಲಿ ಹಾಕ್ತೀನಿ.